ತೊಣ್ಣೂರಿನ ಗೋಡೆಗೆ ಬಂದ ರೈಲು

ಕೆರೆ ಏರಿ ಕಡೆಯಿಂದ ಗಾಳಿ ಬೀಸಿದಾಗಲೆಲ್ಲ ಪರದೆ ಉಬ್ಬುತ್ತಿತ್ತು. ಪರದೆ ಅಂದರೆ ಭಾವನ ಬಿಳಿ ಪಂಚೆ, ಕೊಟ್ಟಿಗೆ ಗೋಡೆಗೆ ನಾಲ್ಕು ಮೊಳೆ ಹೊಡೆದು ಬಿಗಿದದ್ದು. ರಜೆಗೆ ಬಂದಿದ್ದ ಅಕ್ಕನ ಮಗ ಅಂಗೈಯಗಲದ ಪ್ರೊಜೆಕ್ಟರನ್ನು ಒರಳುಕಲ್ಲಿನ ಮೇಲೆ ಇಟ್ಟಿದ್ದ. ಪಂಚೆ ಉಬ್ಬಿದಾಗ ನಾಯಕ ಪಾಲ್ ಬೆಟನಿಗೆ ಮಂಗನಬಾವು ಬಂದಂತಾಗುತ್ತಿತ್ತು.

ಸಿನಿಮಾ 'ಪ್ರೀಸ್ಟ್'. 2011ರದು, ಸ್ಕಾಟ್ ಸ್ಟೂವರ್ಟ್ ನಿರ್ದೇಶನ, ಮೂಲ ಕೊರಿಯಾದ ಕಾಮಿಕ್ಸ್ ಪುಸ್ತಕ. ವಿಮರ್ಶಕರು ಬೈದದ್ದೇ ಹೆಚ್ಚು. ಬೈಯಲಿ. ಮನುಷ್ಯರೂ ರಕ್ತಪಿಶಾಚಿಗಳೂ ಕಾದಾಡಿ ಲೋಕವೆಲ್ಲ ಮರುಭೂಮಿಯಾಗಿದೆ. ಉಳಿದ ಜನ ಎತ್ತರದ ಗೋಡೆ ಕಟ್ಟಿಕೊಂಡು, ಚರ್ಚು ಹೇಳಿದಂತೆ ತಲೆಯಾಡಿಸುತ್ತ ಬದುಕಿದ್ದಾರೆ. ಗೋಡೆಯಾಚೆ ಒಬ್ಬ ಹುಡುಗಿಯನ್ನು ಪಿಶಾಚಿಗಳು ಹೊತ್ತೊಯ್ಯುತ್ತವೆ. ಕೆಲಸ ಹೋದ ಹಳೆಯ ಯೋಧ ಪಾದ್ರಿಯೊಬ್ಬ ಚರ್ಚಿನ ಮಾತು ಮೀರಿ ಮೋಟಾರ್‌ಬೈಕ್ ಹತ್ತುತ್ತಾನೆ. ಕತೆ ಇಷ್ಟೇ. ಎಂಬತ್ತೇಳು ನಿಮಿಷಕ್ಕೆ ಇನ್ನೆಷ್ಟು ಬೇಕು?

ಅಜ್ಜಿಗೆ ಇಂಗ್ಲಿಷು ಬಾರದು, ಹಾಗಾಗಿ ಹುಡುಗನೇ ಕನ್ನಡದಲ್ಲಿ ಒಪ್ಪಿಸುತ್ತಿದ್ದ. ಪಾದ್ರಿಯ ಹಣೆಯಿಂದ ಮೂಗಿನ ತನಕ ಹಚ್ಚೆಯ ಶಿಲುಬೆ ಇಳಿದಿತ್ತು.

"ಮೇಲ್ಕೋಟೆ ಅಯ್ನೋರೇನ್ಲಾ? ನಾಮ ಅಡ್ಡ ಎಳ್ಕಂಡವ್ರೆ."

ಕಣ್ಣಿಲ್ಲದ, ಜೊಲ್ಲು ಸುರಿಸುವ ಪಿಶಾಚಿ ಗುಹೆಯಿಂದ ಹೊರಬಿದ್ದಾಗ ಹಟ್ಟಿಯ ಮಕ್ಕಳೆಲ್ಲ ಒಟ್ಟಿಗೆ ಚಾಪೆಯ ಹಿಂದಕ್ಕೆ ಸರಿದವು.

"ಬಿಸ್ಲು ಬಿದ್ರೆ ಸುಟ್ಟೋಯ್ತವೆ ಕಣಜ್ಜಿ."

"ಅಂಗಾರೆ ಬೆಳಗಾಗೋಗಂಟ ಕದ ಆಕ್ಕಂಡು ಕೂತ್ಕಳಕ್ಕೇನು ದಾಡಿ?"

ಪ್ರಶ್ನೆ ಸಣ್ಣದಲ್ಲ. ಉತ್ತರ ಸಿನಿಮಾದಲ್ಲೇ ಇದೆ: ಆ ನಗರದ ಮೇಲೆ ಹೊಗೆ ಎಷ್ಟು ದಟ್ಟವೆಂದರೆ ಅಲ್ಲಿ ಬೆಳಗೇ ಆಗುವುದಿಲ್ಲ. ಅದಕ್ಕೇ ಕರಿ ಟೋಪಿಯ ಖಳ ರೈಲು ತುಂಬ ಪಿಶಾಚಿಗಳನ್ನು ತುಂಬಿಸಿಕೊಂಡು ಆ ಕಡೆಗೇ ಹೊರಟಿರುವುದು. ಪಾಂಡವಪುರದ ಏಪ್ರಿಲ್ ಬಿಸಿಲಿಗೆ ಬಂದಿದ್ದರೆ ಬೋಗಿಗೆ ಬೋಗಿಯೇ ಹಪ್ಪಳವಾಗುತ್ತಿತ್ತು.

ರೈಲಿನ ದೃಶ್ಯ ಶುರುವಾಗುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಮಕ್ಕಳು ಹೋ ಎಂದವು. ಕಣ್ಣು ಕತ್ತಲೆಗೆ ಹೊಂದಿಕೊಂಡಂತೆ ಮೊದಲು ಗುಡ್ಡದ ಅಂಚು ಕಂಡಿತು, ಆಮೇಲೆ ನೀರಿನ ಮಂಕು ಹೊಳಪು. ಹಗಲಲ್ಲಿ ಇದೇ ನೀರು ಮೋತಿ ತಲಾಬ್ ಎಂಬ ಹೆಸರಿಗೆ ತಕ್ಕಂತೆ ಮುತ್ತಿನಷ್ಟು ತಿಳಿ.

ಲೋಕ ಮುಗಿದ ಮೇಲಿನ ಕತೆಯನ್ನು ಈ ಊರಲ್ಲಿ ಕೂತು ನೋಡುವ ರುಚಿಯೇ ಬೇರೆ. 1311ರಲ್ಲಿ ಮಲಿಕ್ ಕಾಫೂರನ ದಂಡು ಹೊಯ್ಸಳರ ರಾಜಧಾನಿ ದೋರಸಮುದ್ರಕ್ಕೆ ಬಂತು. ಮುಂದೆ ತುಘಲಕರ ದಂಡೂ ಬಂದು ಆ ರಾಜಧಾನಿ ಹಾಳಾದಾಗ ಮೂರನೆಯ ಬಲ್ಲಾಳ ಇಲ್ಲಿಗೆ, ಅಂದಿನ ತೊಂಡನೂರಿಗೆ ಬಂದು ನೆಲೆ ನಿಂತ ಎನ್ನುತ್ತದೆ ಚರಿತ್ರೆ. ಹೊಯ್ಸಳರ ಲೋಕ ಮುಳುಗಿದ ಮೇಲೂ ಇಲ್ಲಿ ದೀಪ ಹಚ್ಚುವವರಿದ್ದರು, ನಂಬಿನಾರಾಯಣನಿಗೆ ಗಂಟೆ ಬಾರಿಸುವವರಿದ್ದರು. ಪರದೆಯೂ ಈ ಊರಿಗೆ ಹೊಸದಲ್ಲ. ರಾಮಾನುಜರು ಸಾವಿರ ಜೈನ ಪಂಡಿತರೊಡನೆ ಒಂದೇ ಸಲ ವಾದಕ್ಕೆ ಕೂತದ್ದು ಪರದೆಯ ಹಿಂದೆ. ಅಲ್ಲಿ ಅವರು ಆದಿಶೇಷನಾಗಿ ಸಾವಿರ ಬಾಯಿಂದ ಉತ್ತರ ಕೊಟ್ಟರು ಎಂದು ಇಲ್ಲಿಯ ಐತಿಹ್ಯ. ಅದರ ಗ್ರಾಫಿಕ್ಸ್ ಮುಂದೆ ನಮ್ಮ ಪಂಚೆಯ ಮೇಲಿನದು ಏನೇನೂ ಅಲ್ಲ.

ಕರೆಂಟು ಬಂತು. ಆಮೇಲಿನದನ್ನು ಬಣ್ಣಿಸುವುದಕ್ಕಿಂತ ನೋಡಬೇಕು. ಓಡುವ ರೈಲಿನ ಮೇಲೆ ಪಾದ್ರಿ, ಕೈಯಲ್ಲಿ ಶಿಲುಬೆಯಾಕಾರದ ಎಸೆಗತ್ತಿ. ಪಕ್ಕದಲ್ಲಿ ಧೂಳೆಬ್ಬಿಸುತ್ತ ಬೈಕಿನಲ್ಲಿ ನಟಿ ಮ್ಯಾಗಿ ಕ್ಯೂ, ಬೈಕಿನಲ್ಲಿ ಸಿಡಿಮದ್ದು. ಸದ್ದಿಗೆ ಕೊಟ್ಟಿಗೆಯೊಳಗಿನ ಎಮ್ಮೆ ಎದ್ದು ನಿಂತಿತು. ರೈಲು ಬೆಂಕಿಯುಂಡೆಯಾಗಿ ಸಿಡಿದಾಗ ಪಂಚೆಯೆಲ್ಲ ಕಿತ್ತಳೆ, ಮಕ್ಕಳ ಮುಖವೆಲ್ಲ ಕಿತ್ತಳೆ. ಭಾವ ಶಿಳ್ಳೆ ಹಾಕಿದರು. ಅಜ್ಜಿ ಮಾತ್ರ, "ರೈಲು ಬೇರೆ ಆಳಾಯ್ತಲ್ಲ" ಎಂದು ಎಲೆಗೆ ಸುಣ್ಣ ಸವರಿದಳು.

ಪ್ರೊಜೆಕ್ಟರ್ ಆರಿತು. ಕಿರಿಯವನಿಗೆ ಒಂದಕ್ಕೆ ಅವಸರ, ಆದರೆ ಅಂಗಳ ದಾಟುವ ಧೈರ್ಯವಿಲ್ಲ. ಅಂಗಳದಾಚೆ ಆಳೆತ್ತರದ ಕಬ್ಬು. ಕಬ್ಬಿನಲ್ಲಿ ಚಿರತೆ ಮರಿ ಹಾಕುವ ಸೀಮೆ ನಮ್ಮದು, ಹೆದರಲು ಹಾಲಿವುಡ್ ಬೇಕಿಲ್ಲ. ನಾನೇ ಟಾರ್ಚು ಹಿಡಿದು ಹೊರಟೆ. ಅಂಚಿನ ಸೋಗೆ ಸರಕ್ಕೆಂದಿತು. ಇಬ್ಬರೂ ನಿಂತೆವು.

"ಚಿರ್ತೆ ಅಲ್ಲ ಕಣ್ರೋ," ಜಗಲಿಯಿಂದ ಅಜ್ಜಿ ಕೂಗಿದಳು, "ಚಿರ್ತೆಯಾಗಿದ್ರೆ ನಾಯಿ ಬೊಗಳೋದು."

ನಾಯಿ ಬೊಗಳಲಿಲ್ಲ. ಹಾಗಾದರೆ ಅದೇನೆಂದು ನಾವಿಬ್ಬರೂ ಕೇಳಲಿಲ್ಲ.