ಹತ್ತು ಅಂಕಿಗಳ ಪಟ್ಟಿ ಮತ್ತು ಮಲೆನಾಡಿನ ಜ್ವರ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಚಳಿ ಇಳಿಯುತ್ತಿದ್ದಂತೆ ಕಾಡಿನ ನೆಲ ಒಣಗುತ್ತದೆ. ತರಗೆಲೆ ಗುಡಿಸಲು, ಸೌದೆ ತರಲು ಹೋದವರ ಮೈಗೆ ಉಣುಗು ಹತ್ತುತ್ತದೆ. ವಾರದೊಳಗೆ ಜ್ವರ, ತಲೆನೋವು, ವಿಪರೀತ ಮೈಕೈ ನೋವು ಬಂದರೆ ಮನೆಯವರಿಗೆ ಮೊದಲು ಹುಟ್ಟುವ ಅನುಮಾನ ಮಂಗನ ಕಾಯಿಲೆಯದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗಕ್ಕೆ ಇಂದಿಗೂ ನಿರ್ದಿಷ್ಟ ಔಷಧವಿಲ್ಲ. ಪರಿಣಾಮ ಸಾಲದೆಂದು ಹಳೆಯ ಲಸಿಕೆಯನ್ನೂ 2022ರಲ್ಲಿ ನಿಲ್ಲಿಸಲಾಯಿತು. ಬೇಗ ಪತ್ತೆಹಚ್ಚಿ ಆಸ್ಪತ್ರೆಗೆ ಸೇರಿಸುವುದೇ ಜೀವ ಉಳಿಸುವ ದಾರಿ. ಆ ಪತ್ತೆಕಾರ್ಯದ ಬುಡದಲ್ಲಿರುವುದು ಹೆಚ್ಚು ಜನ ಕೇಳಿರದ ಒಂದು ಲೆಕ್ಕ: ಡಿಎನ್‌ಎಯ ಎರಡು ಎಳೆಗಳು ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿದುಕೊಂಡಿವೆ?

ಎ ಅಕ್ಷರದ ಎದುರು ಟಿ, ಜಿ ಎದುರು ಸಿ ಎಂಬುದು ಶಾಲೆಯಲ್ಲೇ ಕಲಿತ ಪಾಠ. ಮೊದಲ ಜೋಡಿಗೆ ಎರಡು ಹೈಡ್ರೋಜನ್ ಬಂಧ, ಎರಡನೆಯದಕ್ಕೆ ಮೂರು. ಆದರೆ ಬಿಗಿತವನ್ನು ಲೆಕ್ಕ ಹಾಕಲು ಇದಷ್ಟೇ ಸಾಲದು. ಚಪ್ಪಟೆಯಾದ ಈ ಜೋಡಿಗಳು ಅಡಿಕೆ ಹಾಳೆಯ ತಟ್ಟೆಗಳಂತೆ ಒಂದರ ಮೇಲೊಂದು ಕೂತಿರುತ್ತವೆ. ಯಾವುದರ ಮೇಲೆ ಯಾವುದು ಕೂತಿದೆ ಎಂಬುದರ ಮೇಲೆ ಹಿಡಿತ ಬದಲಾಗುತ್ತದೆ. ಅಕ್ಕಪಕ್ಕದ ಎರಡು ಅಕ್ಷರಗಳ ಜೋಡಣೆಗಳು ಹದಿನಾರು. ಎದುರಿನ ಎಳೆಯಿಂದ ಓದಿದಾಗ ಕೆಲವು ಒಂದೇ ಆಗುವುದರಿಂದ ಉಳಿಯುವುದು ಹತ್ತು. ಹಲವು ಪ್ರಯೋಗಾಲಯಗಳ ಅಳತೆಗಳನ್ನು ಹೊಂದಿಸಿ ಈ ಹತ್ತಕ್ಕೂ ಒಪ್ಪುವ ಅಂಕಿಗಳನ್ನು 1998ರಲ್ಲಿ ಪ್ರಕಟಿಸಿದವರು ಅಮೆರಿಕದ ಜಾನ್ ಸಾಂಟಾಲೂಸಿಯಾ. ಆ ಪಟ್ಟಿಯಲ್ಲಿ ಟಿ-ಎ ಜೋಡಣೆಯ ಬಲ ಪ್ರತಿ ಮೋಲ್‌ಗೆ 0.58 ಕಿಲೋಕ್ಯಾಲರಿ. ಅವೇ ಅಕ್ಷರಗಳನ್ನು ತಿರುಗಿಸಿ ಎ-ಟಿ ಮಾಡಿದರೆ 0.88. ಜಿ-ಸಿಗೆ 2.24.

ಈ ಅಂಕಿಗಳಿಂದ ಹೊಸದೊಂದು ಪ್ರಶ್ನೆಗೆ ಉತ್ತರ ತೆಗೆದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಂಜು ಬನ್ಸಾಲ್ ಪ್ರಮುಖರು. ಜಿ. ಎನ್. ರಾಮಚಂದ್ರನ್ ಅವರ ಬಳಿ ಕೊಲಾಜೆನ್ ಪ್ರೋಟೀನಿನ ರಚನೆ ಕುರಿತು ಸಂಶೋಧನೆ ಮಾಡಿದ ಅವರು, ಮುಂದೆ ವಿ. ಶಶಿಶೇಖರನ್ ಅವರೊಡನೆ ಡಿಎನ್‌ಎ ಕಡೆ ಹೊರಳಿದರು. ಡಿಎನ್‌ಎಯ ತಿರುವು, ಬಾಗುಗಳನ್ನು ಅಳೆಯುವ ‘ನೂಪಾರ್ಮ್’ ತಂತ್ರಾಂಶವನ್ನು 1995ರಲ್ಲಿ ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದರು.

ಜೀನ್ ಕೆಲಸ ಆರಂಭಿಸಬೇಕಾದರೆ ಅದರ ಮುಂಭಾಗದಲ್ಲಿ ಎರಡು ಎಳೆಗಳು ಬಿಚ್ಚಿಕೊಳ್ಳಬೇಕು. ಹಾಗಾದರೆ ಅಲ್ಲಿ ಹಿಡಿತ ಸಡಿಲವಿರಬೇಕಲ್ಲವೇ? ಅದಿತಿ ಕನ್ಹೆರೆ ಅವರೊಡನೆ ಬನ್ಸಾಲ್ ಬ್ಯಾಕ್ಟೀರಿಯಾಗಳ ಡಿಎನ್‌ಎಯುದ್ದಕ್ಕೂ ಆ ಹತ್ತು ಅಂಕಿಗಳನ್ನು ಕೂಡುತ್ತ ಹೋದರು. ಊಹೆ ನಿಜವಾಗಿತ್ತು. ಜೀನ್ ಶುರುವಾಗುವ ಮುಂಚಿನ ಭಾಗ ಸುತ್ತಲಿನದಕ್ಕಿಂತ ಸಡಿಲವಾಗಿದೆ ಎಂದು 2005ರಲ್ಲಿ ತೋರಿಸಿದರು. 2010ರಲ್ಲಿ ವೆಟ್ರಿಸೆಲ್ವಿ ರಂಗಣ್ಣನ್ ಅವರೊಡನೆ 913 ಸೂಕ್ಷ್ಮಜೀವಿ ಜೀನೋಮ್‌ಗಳಲ್ಲಿ, ಮರುವರ್ಷ ಬೇರೆ ಸಹೋದ್ಯೋಗಿಗಳೊಂದಿಗೆ ಭತ್ತದಲ್ಲಿಯೂ ಇಂಥ ತಾಣಗಳನ್ನು ಗುರುತಿಸಿದರು. ಈ ವಿಧಾನದ ದೊಡ್ಡತನ ಇರುವುದು ಇಲ್ಲಿ: ಗೊತ್ತಿರುವ ಅಕ್ಷರ ಮಾದರಿಗಳನ್ನು ಅದು ಹುಡುಕುವುದಿಲ್ಲ, ಬಲವನ್ನು ಅಳೆಯುತ್ತದೆ. ಹಾಗಾಗಿ ಯಾರೂ ವಿವರವಾಗಿ ಅಧ್ಯಯನ ಮಾಡಿರದ ಜೀವಿಯ ಮೇಲೂ ಅದನ್ನು ಹೂಡಬಹುದು.

ಮಂಗನ ಕಾಯಿಲೆಯ ಪರೀಕ್ಷೆ ಬನ್ಸಾಲ್ ರೂಪಿಸಿದ್ದಲ್ಲ. ಆದರೆ ಅದು ನಿಂತಿರುವುದೂ ಇದೇ ರಸಾಯನದ ಮೇಲೆ. ಈ ಕಾಯಿಲೆ ತರುವ ವೈರಸ್ಸಿನ ಆರ್‌ಎನ್‌ಎ ಸುಮಾರು 11 ಸಾವಿರ ಅಕ್ಷರಗಳ ಒಂದೇ ಎಳೆ. ರೋಗಿಯ ರಕ್ತದಲ್ಲಿ ಅದು ಸಿಗುವುದು ಜ್ವರದ ಮೊದಲ ದಿನಗಳಲ್ಲಿ. ಅದನ್ನು ಡಿಎನ್‌ಎ ನಕಲಾಗಿಸಿ, ಇಪ್ಪತ್ತರ ಆಸುಪಾಸಿನ ಅಕ್ಷರಗಳ ‘ಪ್ರೈಮರ್’ ತುಣುಕುಗಳನ್ನು ಅಂಟಿಸಿ, ಮತ್ತೆ ಮತ್ತೆ ದ್ವಿಗುಣಗೊಳಿಸುತ್ತಾರೆ. ತುಣುಕು ಸರಿಯಾದ ಜಾಗಕ್ಕೆ ಅಂಟಬೇಕು, ಬೇರೆಡೆ ಅಂಟಬಾರದು. ಅದಕ್ಕೆ ತಕ್ಕ ಉಷ್ಣತೆ ಎಷ್ಟು ಎಂಬುದನ್ನು ಆ ಹತ್ತು ಜೋಡಣೆಗಳ ಅಂಕಿಗಳಿಂದ ಮೊದಲೇ ಲೆಕ್ಕ ಹಾಕಬಹುದು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ಇಂಥ ಪಿಸಿಆರ್ ಪರೀಕ್ಷೆಯನ್ನು 2012ರಲ್ಲಿ ಪ್ರಕಟಿಸಿದರು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ತೋಟಗಳನ್ನು ಬರಿದು ಮಾಡುತ್ತಿರುವ ಅಡಿಕೆಯ ಹಳದಿ ಎಲೆ ರೋಗದ ಕತೆಯೂ ದೂರದ್ದಲ್ಲ. ಅದರೊಂದಿಗೆ ಗುರುತಿಸಲಾದ ಫೈಟೋಪ್ಲಾಸ್ಮಾ ಕೋಶಭಿತ್ತಿಯಿಲ್ಲದ ಸೂಕ್ಷ್ಮ ಬ್ಯಾಕ್ಟೀರಿಯಾ. ಪ್ರಯೋಗಾಲಯದ ತಟ್ಟೆಯಲ್ಲಿ ಅದನ್ನು ಬೆಳೆಸುವುದು ಬಹಳ ಕಷ್ಟ. ಮರದಲ್ಲಿ ಅದಿದೆಯೇ ಎಂದು ಖಚಿತಪಡಿಸಿಕೊಳ್ಳಲು ಡಿಎನ್‌ಎ ಪರೀಕ್ಷೆಯೇ ಆಧಾರ. ಅಲ್ಲಿಯೂ ಪ್ರೈಮರ್, ಅಲ್ಲಿಯೂ ಇದೇ ಲೆಕ್ಕ.

ಮತ್ತೆ ಮಂಗನ ಕಾಯಿಲೆಗೆ ಬಂದರೆ, ಆರ್‌ಎನ್‌ಎ ವೈರಸ್‌ಗಳು ನಕಲಾಗುವಾಗ ಅಕ್ಷರ ತಪ್ಪುವುದು ಸಹಜ. ಪ್ರೈಮರ್ ಕೂರುವ ಜಾಗದಲ್ಲೇ, ಅದರಲ್ಲೂ ತುದಿಯಲ್ಲಿ, ಅಕ್ಷರ ಬದಲಾದರೆ ಹಿಡಿತ ಕೆಟ್ಟು, ಸೋಂಕು ಇದ್ದರೂ ‘ಇಲ್ಲ’ ಎಂಬ ವರದಿ ಬರಬಹುದು. ಆದ್ದರಿಂದ ಈ ಮೂರು ತಾಲ್ಲೂಕುಗಳ ರೋಗಿಗಳಲ್ಲಿ ಸಿಗುವ ವೈರಸ್ಸಿನ ಅಕ್ಷರಮಾಲೆಯನ್ನು ಪ್ರತಿ ಹಂಗಾಮಿನಲ್ಲೂ ಓದಿ, ಬಳಕೆಯಲ್ಲಿರುವ ಪ್ರೈಮರ್‌ಗಳೊಂದಿಗೆ ತಾಳೆ ನೋಡಬೇಕು. ತಾಳೆ ನೋಡುವುದು ಕಂಪ್ಯೂಟರಿಗೆ ಕೆಲವೇ ನಿಮಿಷಗಳ ಕೆಲಸ. ಹಣ, ಸಿಬ್ಬಂದಿ ಬೇಕಾಗುವುದು ಅಕ್ಷರಮಾಲೆ ಓದುವುದಕ್ಕೆ. ಉಣುಗು ಕಾಟ ಏರುವ ಬೇಸಿಗೆಗೆ ಮುಂಚೆಯೇ ಸರ್ಕಾರ ಆ ಏರ್ಪಾಡು ಮಾಡಬೇಕಾಗಿದೆ.