ಬದುವಿಗೆ ಹೋದ ಬೈಟುಗಳು

ಒಂದೇ ಹಾರ್ಡ್ ಡಿಸ್ಕ್‌ಗೆ ಎರಡು ಅಳತೆ. 1980ರಲ್ಲಿ ಅಮೆರಿಕದಲ್ಲಿ ಹೊರಬಂದ ಎಸ್‌ಟಿ-506 ಡಿಸ್ಕ್ ಫಾರ್ಮ್ಯಾಟ್ ಮಾಡುವ ಮೊದಲು 6.38 ಮೆಗಾಬೈಟ್, ಮಾಡಿದ ಮೇಲೆ 5 ಮೆಗಾಬೈಟ್. ಅಲನ್ ಶುಗಾರ್ಟ್ ಮತ್ತು ಫಿನಿಸ್ ಕಾನರ್ ಕಟ್ಟಿದ, ಮುಂದೆ ಸೀಗೇಟ್ ಎಂದು ಹೆಸರಾದ ಕಂಪನಿ ತಯಾರಿಸಿದ ಇದು ಮೊಟ್ಟಮೊದಲ ಐದೂಕಾಲು ಇಂಚಿನ ಹಾರ್ಡ್ ಡಿಸ್ಕ್.

ಐದರಲ್ಲೊಂದು ಪಾಲಿಗಿಂತ ಹೆಚ್ಚು ಜಾಗ ಎಲ್ಲಿ ಹೋಯಿತು?

ಗದ್ದೆ ಮಾಡುವವರಿಗೆ ಉತ್ತರ ಹೊಸದೇನಲ್ಲ. ಬದು ಹಾಕದೆ ನೀರು ನಿಲ್ಲದು, ಬದುವಿನ ಮೇಲೆ ಭತ್ತ ಬೆಳೆಯದು. ಡಿಸ್ಕ್‌ನ ತಟ್ಟೆ ನಿಮಿಷಕ್ಕೆ 3,600 ಸುತ್ತು ತಿರುಗುತ್ತಿತ್ತು. ಒಂದು ಸುತ್ತಿನ ಹಾದಿಗೆ ಟ್ರ್ಯಾಕ್ ಎಂದು ಹೆಸರು. ಅದರಲ್ಲಿ 10,416 ಬೈಟ್ ಹಿಡಿಯುತ್ತಿತ್ತು. ಆದರೆ ಬೇಕಾದ ಮಾಹಿತಿ ಬೇಕೆಂದಾಗ ಸಿಗಬೇಕಾದರೆ ಆ ಹಾದಿಯನ್ನು ಸೆಕ್ಟರ್‌ಗಳೆಂಬ ತುಂಡುಗಳಾಗಿ ಕತ್ತರಿಸಬೇಕು. ಪ್ರತಿ ತುಂಡಿನ ತಲೆಯಲ್ಲಿ ಅದರ ವಿಳಾಸ, ಕೊನೆಯಲ್ಲಿ ತಪ್ಪು ಹಿಡಿಯುವ ತಾಳೆ ಸಂಖ್ಯೆ, ನಡುನಡುವೆ ಖಾಲಿ ಜಾಗ. ಮೋಟಾರಿನ ವೇಗ ತುಸು ಏರುಪೇರಾದರೂ ಬರೆಯುವ ಹೆಡ್ ಪಕ್ಕದ ಸೆಕ್ಟರನ್ನು ತುಳಿಯದಿರಲಿ ಎಂದು ಆ ಖಾಲಿ ಜಾಗ.

ಗದ್ದೆಯ ಮಡಿ ದೊಡ್ಡದಾದಷ್ಟೂ ಬದು ಕಡಿಮೆ. ಎಸ್‌ಟಿ-506ರ ಟ್ರ್ಯಾಕ್‌ನಲ್ಲಿ 256 ಬೈಟ್‌ಗಳ 32 ಸೆಕ್ಟರ್: ಒಟ್ಟು 8,192 ಬೈಟ್. 1983ರ ಐಬಿಎಂ ಪಿಸಿ ಎಕ್ಸ್‌ಟಿಯ ಡಿಸ್ಕ್‌ನಲ್ಲಿ 512 ಬೈಟ್‌ಗಳ 17 ಸೆಕ್ಟರ್: 8,704 ಬೈಟ್. ಟ್ರ್ಯಾಕ್ ಒಂದಕ್ಕೆ 512 ಬೈಟ್ ಲಾಭ. ಆ ಡಿಸ್ಕ್‌ನಲ್ಲಿದ್ದ 1,224 ಟ್ರ್ಯಾಕ್‌ಗಳಿಗೆ ಲೆಕ್ಕ ಹಾಕಿದರೆ ಉಳಿದದ್ದು 6,26,688 ಬೈಟ್. ಅಂದಿನ 360 ಕೆಬಿಯ ಒಂದೂವರೆ ಫ್ಲಾಪಿಗಿಂತ ಹೆಚ್ಚು!

ಈ ಬದು ಹಾಕುವ ಕೆಲಸ ಆಗ ಬಹುಪಾಲು ಬಳಕೆದಾರರ ಇಲ್ಲವೇ ಮೆಕ್ಯಾನಿಕ್‌ಗಳ ಪಾಲಿನದು. ಡಿಸ್ಕ್‌ನ ಮೈಮೇಲೆ ಒಂದು ಚೀಟಿ ಅಂಟಿಸಿರುತ್ತಿದ್ದರು. ಹುಟ್ಟಿನಿಂದಲೇ ಕೆಟ್ಟ ಜಾಗಗಳ ಪಟ್ಟಿ ಅದು, ಯಾವ ಸಿಲಿಂಡರ್ (ತಟ್ಟೆಗಳ ಮೇಲೆ ಒಂದೇ ನೇರದಲ್ಲಿರುವ ಟ್ರ್ಯಾಕ್‌ಗಳ ಗುಂಪು), ಯಾವ ಹೆಡ್ ಎಂಬ ವಿವರದೊಂದಿಗೆ. ಅಂದಿನ ಆಪರೇಟಿಂಗ್ ಸಿಸ್ಟಂ ಡಾಸ್‌ನ ಡೀಬಗ್ ಪ್ರೋಗ್ರಾಂ ತೆರೆದು, ಹಲವು ಕಂಟ್ರೋಲರ್ ಕಾರ್ಡ್‌ಗಳಲ್ಲಿ ‘ಜಿ=ಸಿ800:5’ ಎಂದು ಒತ್ತಿದರೆ ಲೋ ಲೆವೆಲ್ ಫಾರ್ಮ್ಯಾಟ್, ಅಂದರೆ ಬದು ಹಾಕುವ ಕೆಲಸ, ಶುರು. ಆ ಚೀಟಿಯ ಅಂಕಿಗಳನ್ನು ಕೈಯಾರೆ ತುಂಬಬೇಕಿತ್ತು.

ಬರೆಯುವ ಕ್ರಮ ಬದಲಾದರೂ ಜಾಗ ಹಿಗ್ಗುತ್ತಿತ್ತು. 615 ಸಿಲಿಂಡರ್, 4 ಹೆಡ್‌ಗಳ ಎಸ್‌ಟಿ-225ರಲ್ಲಿ ಎಂಎಫ್‌ಎಂ ಕ್ರಮದಿಂದ ಸಿಗುತ್ತಿದ್ದುದು ಸುಮಾರು 20 ಮೆಗಾಬೈಟ್. ಅಷ್ಟೇ ಸಿಲಿಂಡರ್, ಅಷ್ಟೇ ಹೆಡ್‌ಗಳ ಎಸ್‌ಟಿ-238ಆರ್‌ನಲ್ಲಿ ಆರ್‌ಎಲ್‌ಎಲ್ ಕ್ರಮದಿಂದ ಟ್ರ್ಯಾಕ್‌ಗೆ 26 ಸೆಕ್ಟರ್ ಹಿಡಿಸಿ, 30 ಮೆಗಾಬೈಟ್ ದಾಟಿಸಿದರು.

ಇಷ್ಟೆಲ್ಲ ಆದ ಮೇಲೆ ಡಾಸ್ ತನ್ನ ಪಾಲು ಕೇಳುತ್ತಿತ್ತು. ಎಕ್ಸ್‌ಟಿಯ 10 ಮೆಗಾಬೈಟ್ ಡಿಸ್ಕ್‌ನಲ್ಲಿ ಫೈಲ್‌ಗೆ ಜಾಗ ಕೊಡುತ್ತಿದ್ದುದು 4,096 ಬೈಟ್‌ಗಳ ಕಂತಿನಲ್ಲಿ. ನೂರು ಬೈಟ್‌ನ ಚಿಕ್ಕ ಪತ್ರಕ್ಕೂ ಅಷ್ಟು ಜಾಗ ಮೀಸಲು.

ಇಂದಿನ ಹಾರ್ಡ್ ಡಿಸ್ಕ್‌ಗಳಿಗೆ ಕಾರ್ಖಾನೆಯಲ್ಲೇ ಬದು ಬಿದ್ದಿರುತ್ತದೆ. 1 ಟೆರಾಬೈಟ್ ಡಿಸ್ಕ್ ತಂದು ಜೋಡಿಸಿದಾಗ ವಿಂಡೋಸ್ 931 ಜಿಬಿ ಎಂದು ತೋರಿಸಿದರೆ ಗಾಬರಿ ಬೇಡ. ಅಲ್ಲಿ ಜಾಗ ಕಳೆದಿಲ್ಲ: ತಯಾರಕರು ಎಣಿಸುವುದು ಸಾವಿರದ ಲೆಕ್ಕದಲ್ಲಿ, ವಿಂಡೋಸ್ ಎಣಿಸುವುದು 1,024ರ ಲೆಕ್ಕದಲ್ಲಿ.