ತಲೆಸ್ನಾನಕ್ಕೂ ಬಂತು ಫಿಲ್ಟರ್ ಕಾಫಿ!

ಉಪ್ಪಲ್: ಇರಾನಿ ಚಹಾದ ಊರಿಗೆ ಬಂದು ನೆಲೆಸಿದರೂ ಬೆಂಗಳೂರು, ಮೈಸೂರು ಕಡೆಯ ಕನ್ನಡಿಗರ ಮನೆಯಲ್ಲಿ ಬೆಳಗಾಗುವುದು ಫಿಲ್ಟರ್ ಕಾಫಿಯಿಂದಲೇ. (ಬೀದರ್, ಕಲಬುರಗಿಯವರ ಮಾತು ಬೇರೆ, ಅವರಿಗೆ ಚಹಾನೇ ಆಗಬೇಕು.) ಈಗ ಅದೇ ಡಿಕಾಕ್ಷನ್ ಬಚ್ಚಲಮನೆಗೂ ಕಾಲಿಟ್ಟಿದೆ. ಮನೆಯಲ್ಲೇ ಮಾಡುವ ಶಾಂಪೂಗೆ ಕಾಫಿ ಬೆರೆಸಿದರೆ ಕೂದಲು ಉದುರುವುದು ನಿಲ್ಲುತ್ತದೆ ಎಂಬ ಮಾತು ಹೆಂಗಳೆಯರ ನಡುವೆ ಓಡಾಡುತ್ತಿದೆ. ಇದರಲ್ಲಿ ನಿಜವೆಷ್ಟು?

ಬೋರ್‌ವೆಲ್ ನೀರಿನ ಗಡಸುತನ ಗೊತ್ತಿದ್ದದ್ದೇ. ಅಂಥ ನೀರಿನಲ್ಲಿ ಸೋಪು ನೊರೆ ಕೊಡದೆ ಗಸಿಯಾಗಿ ಕೂದಲಿಗೆ ಅಂಟಿಕೊಳ್ಳುತ್ತದೆ, ಕೂದಲು ಒರಟಾಗುತ್ತದೆ. ಸೀಗೆಕಾಯಿ, ಅಂಟುವಾಳದ ನೊರೆಗೆ ಆ ತೊಂದರೆಯಿಲ್ಲ. ಹಾಗಾಗಿ ಮನೆಯ ಶಾಂಪೂವಿನಲ್ಲಿ ಕೊಳೆ ತೆಗೆಯುವವು ಈ ಎರಡೇ. ಕಾಫಿ ಬರೀ ಜೊತೆಗಾರ. ಅಂದಹಾಗೆ, ಇಲ್ಲಿನ ಕಿರಾಣಿ ಅಂಗಡಿಯಲ್ಲಿ 'ಅಂಟುವಾಳ' ಎಂದರೆ ಯಾರಿಗೂ ತಿಳಿಯದು, 'ಕುಂಕುಡುಕಾಯಿ' ಎಂದು ಕೇಳಬೇಕು.

ಮಾಡುವ ಬಗೆ ಸುಲಭ. ಬೀಜ ತೆಗೆದ ಹತ್ತು ಹನ್ನೆರಡು ಅಂಟುವಾಳ, ಒಂದು ಹಿಡಿ ಸೀಗೆಕಾಯಿ, ಒಂದು ಚಮಚ ಮೆಂತ್ಯ ರಾತ್ರಿಯೇ ನೆನೆಹಾಕಿ. ಬೆಳಿಗ್ಗೆ ಕುದಿಸಿ, ಆರಿದ ಮೇಲೆ ಚೆನ್ನಾಗಿ ಕಿವುಚಿ ಸೋಸಿ. ಒಂದು ಲೋಟ ರಸಕ್ಕೆ ಕಾಲು ಲೋಟ ಡಿಕಾಕ್ಷನ್ ಸಾಕು. ಮೊದಲ ಡಿಕಾಕ್ಷನ್ ಕುಡಿಯಲಿಕ್ಕಿರಲಿ, ಶಾಂಪೂಗೆ ಎರಡನೆಯದೇ ಧಾರಾಳ. ಅದನ್ನೂ ಬಟ್ಟೆಯಲ್ಲಿ ಸೋಸದಿದ್ದರೆ ಚರಟ ಕೂದಲಲ್ಲಿ ಸಿಕ್ಕಿಕೊಂಡು, ಎಷ್ಟು ತೊಳೆದರೂ ಹೋಗುವುದಿಲ್ಲ. ಇದಕ್ಕೆ ಚಿಕೋರಿ ಬೆರೆಸದ ಪುಡಿಯೇ ಒಳ್ಳೆಯದು. ಅರ್ಧದಷ್ಟು ಚಿಕೋರಿಯೇ ಇರುವ ಪುಡಿಗಳೂ ಮಾರುಕಟ್ಟೆಯಲ್ಲಿವೆ, ಪೊಟ್ಟಣದ ಮೇಲೆ ಓದಿ ನೋಡಬಹುದು. ಕಣ್ಣಿಗೆ ಬಿದ್ದರೆ ಅಂಟುವಾಳ ಸಿಕ್ಕಾಪಟ್ಟೆ ಉರಿಯುತ್ತದೆ, ಮಕ್ಕಳ ವಿಷಯದಲ್ಲಿ ಜೋಕೆ.

ಇನ್ನು ಕೂದಲು ಉದುರುವ ಮಾತು. 2007ರಲ್ಲಿ ಜರ್ಮನಿಯ ಯೆನಾ ವಿಶ್ವವಿದ್ಯಾಲಯದ ಸಂಶೋಧಕರು ಬಕ್ಕತಲೆಯಾಗುತ್ತಿದ್ದ ಗಂಡಸರ ಕೂದಲ ಬುಡಗಳನ್ನು ಪ್ರಯೋಗಾಲಯದಲ್ಲಿಟ್ಟು ಕೆಫೀನ್ ಉಣಿಸಿದಾಗ ಅವು ಹೆಚ್ಚು ಬೆಳೆದವು. ಕಾಫಿಯ ಹೆಸರು ಎಲ್ಲೆಡೆ ಹಬ್ಬಲು ಇದೂ ಒಂದು ಕಾರಣ. ಆದರೆ ಅದು ಗಾಜಿನ ತಟ್ಟೆಯಲ್ಲಿ ದಿನಗಟ್ಟಲೆ ಕೆಫೀನಿನಲ್ಲೇ ಇದ್ದ ಕೂದಲು. ಎರಡು ನಿಮಿಷದಲ್ಲಿ ತೊಳೆದುಹೋಗುವ ಶಾಂಪೂವಿನ ಕಥೆ ಬೇರೆ. ಕೆಫೀನ್ ಶಾಂಪೂ ಕೂದಲು ಉದುರುವುದನ್ನು ತಗ್ಗಿಸುತ್ತದೆ ಎಂಬ ಜಾಹೀರಾತಿಗೆ ಸಾಕಷ್ಟು ಪುರಾವೆಯಿಲ್ಲವೆಂದು ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ 2018ರಲ್ಲಿ ತಡೆಹಾಕಿತು. ಕಂಪನಿಯ ಶಾಂಪೂವಿನ ಗತಿಯೇ ಹೀಗಾದರೆ ಎರಡನೇ ಡಿಕಾಕ್ಷನ್ನಿನ ಪಾಡೇನು! ಹೆರಿಗೆಯ ನಂತರ, ಟೈಫಾಯ್ಡ್, ಡೆಂಗಿಯಂಥ ಜ್ವರದ ನಂತರ, ರಕ್ತಹೀನತೆ, ಥೈರಾಯ್ಡ್ ತೊಂದರೆಯಿಂದಲೂ ಕೂದಲು ಉದುರುತ್ತದೆ. ಕಾಫಿ ನಂಬಿ ತಿಂಗಳುಗಟ್ಟಲೆ ಕಾಯುವವರು ಇದನ್ನು ಮರೆಯುತ್ತಾರೆ, ರಕ್ತ ಪರೀಕ್ಷೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ.

ಹಾಗೆಂದು ಕಾಫಿ ದಂಡವೇನಲ್ಲ. ನರೆಗೂದಲಿಗೆ ತುಸು ಕಂದು ಛಾಯೆ ಕೊಡುತ್ತದೆ, ಒಂದೆರಡು ಸ್ನಾನಕ್ಕೆ ಹೋಗುವಂಥದ್ದು. ಕಬ್ಬಿಣದ ಬಾಣಲೆಯಲ್ಲಿ ಮದರಂಗಿ ಪುಡಿಯನ್ನು ಡಿಕಾಕ್ಷನ್ನಿನಲ್ಲಿ ಕಲಸಿ ರಾತ್ರಿಯಿಡೀ ಇಡುವುದು ಅನೇಕ ಮನೆಗಳಲ್ಲಿ ಹಿಂದಿನಿಂದಲೂ ಇದ್ದ ರೂಢಿ. ಬಿಳಿ ಟವೆಲ್ ಮಾತ್ರ ಹತ್ತಿರ ಬೇಡ.

ಈ ಶಾಂಪೂ ಕೆಡದಂತೆ ಏನನ್ನೂ ಸೇರಿಸಿರುವುದಿಲ್ಲವಾದ್ದರಿಂದ ಫ್ರಿಜ್‌ನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಬೇಕು, ಹುಳಿ ವಾಸನೆ ಬಂದರೆ ಚೆಲ್ಲಬೇಕು. ಉಳಿದ ಚರಟವನ್ನು ಬಚ್ಚಲಿಗೆ ಸುರಿದರೆ ಅಪಾರ್ಟ್‌ಮೆಂಟಿನ ಪೈಪು ಕಟ್ಟಿಕೊಂಡು ಕೆಳಗಿನ ಮನೆಯವರ ಜತೆ ಜಗಳ ಖಚಿತ. ಒಂದಿಷ್ಟಿಷ್ಟೇ ಬಾಲ್ಕನಿಯ ಕರಿಬೇವಿನ ಕುಂಡದ ಮಣ್ಣಿಗೆ ಬೆರೆಸಬಹುದು.